ಗೋಡೆಗೆ ತಾಗಿ ಬಂದ ದನಿ

"ನೇರವಾಗಿ ನಡೆಯಿರಿ. ಮುಂದೆ ದಾರಿ ಸುರಕ್ಷಿತವಾಗಿದೆ" ಎಂದು ಕೋಲು ಹೇಳಿತು. ಅಡಿವೆಪ್ಪ ನೇರವಾಗಿ ನಡೆದ, ನಡೆದು ಕೇಬಲ್ ಹಾಕಲು ತೋಡಿದ್ದ ಗುಂಡಿಯೊಳಗೆ ಬಿದ್ದ. ಅವನು ಮಣ್ಣಿನಲ್ಲಿ ಮುಖ ಹುದುಗಿಸಿಕೊಂಡು, ಮುರಿದ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ನರಳುತ್ತಿದ್ದಾಗಲೂ ಕೋಲು ತನ್ನ ಸಭ್ಯವಾದ ಹೆಣ್ಣುದನಿಯಲ್ಲಿ "ನೀವು ಫುಟ್‌ಪಾತಿನ ಮೇಲಿದ್ದೀರಿ" ಎಂದು ಹೇಳುತ್ತಲೇ ಇತ್ತು. ಜನ ಓಡಿ ಬಂದು ಅವನನ್ನು ಮೇಲಕ್ಕೆತ್ತಿದರು. ಕೋಲನ್ನೂ ಎತ್ತಿದರು. ಕೋಲಿಗೆ ಏನೂ ಆಗಿರಲಿಲ್ಲ.

ಅದರ ಹೆಸರು ದಾರಿಕೋಲು. ಕಣ್ಣು ಕಾಣದವರಿಗೆಂದು ಸರಕಾರ ಹುಬ್ಬಳ್ಳಿಯಲ್ಲಿ ಪ್ರಯೋಗಕ್ಕೆ ಕೊಟ್ಟಿದ್ದ ಮಾತಾಡುವ ಬಿಳಿಕೋಲು. ಅಷ್ಟು ಹೊತ್ತಿಗೆ ಊರು ಬಹಳ ಬದಲಾಗಿತ್ತು. ರಸ್ತೆಯ ಮೇಲೆ ರಸ್ತೆ, ಅದರ ಮೇಲೊಂದು ರಸ್ತೆ, ಎರಡೂ ಪಕ್ಕದಲ್ಲಿ ಆಕಾಶಕ್ಕೆ ನಿಂತ ಗಾಜಿನ ಕಟ್ಟಡಗಳು. ಚಾಲಕರಿಲ್ಲದ ಬಸ್ಸುಗಳು ಬೆಕ್ಕಿನಂತೆ ಸದ್ದಿಲ್ಲದೆ ಬಂದು ನಿಲ್ಲುತ್ತಿದ್ದವು. ಕಣ್ಣಿದ್ದವರು ಇದನ್ನೆಲ್ಲ ಪ್ರಗತಿ ಎಂದರು. ವಾಹನದ ಸದ್ದು ಕೇಳಿಯೇ ರಸ್ತೆ ದಾಟುತ್ತಿದ್ದವರು ಮಾತ್ರ ಒಬ್ಬೊಬ್ಬರಾಗಿ ಮನೆಯೊಳಗೆ ಸೇರಿಕೊಂಡರು. ಅವರನ್ನು ಮತ್ತೆ ಹೊರಗೆ ತರಲೆಂದೇ ಈ ಕೋಲು ಹುಟ್ಟಿದ್ದು.

ಅದನ್ನು ರೂಪಿಸಿದ ಸಂಸ್ಥೆಯಲ್ಲಿ ಅಡಿವೆಪ್ಪನ ತಂಗಿ ನೀಲಾಂಬಿಕಾ ಎಂಜಿನಿಯರ್. ಕೋಲು ಹಿಡಿದು ನಡೆಯಲು ಅಣ್ಣನನ್ನು ಒಪ್ಪಿಸಿದವಳೂ ಅವಳೇ. ಹೀಗಾಗಿ ಆ ಗುಂಡಿಗೆ ಅಣ್ಣನನ್ನು ತಾನೇ ಕೈಯಾರೆ ತಳ್ಳಿದೆನೆಂದು ಅವಳಿಗೆ ಅನಿಸಿತು. ಯಾರೂ ಹಾಗೆ ಹೇಳಲಿಲ್ಲ, ಅವರ ತಾಯಿ ಸಂಗವ್ವನೊಬ್ಬಳನ್ನು ಬಿಟ್ಟು.

ಸಂಗವ್ವ ಅಂದೇ ಆಣೆ ಹಾಕಿದಳು. ಇನ್ನು ಮೇಲೆ ಮಗ ಒಬ್ಬನೇ ಹೊಸ್ತಿಲು ದಾಟಕೂಡದು. ನೀಲಾ ಸ್ಕೂಟರಿನಲ್ಲಿ ಬಿಟ್ಟು ಬರಬೇಕು, ಇಲ್ಲವಾದರೆ ಕೆಲಸವನ್ನೇ ಬಿಡಬೇಕು. ಕೆಲಸವೆಂದರೆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಆ ಕಾಲದಲ್ಲಿ ಅಂಥ ಕೆಲಸ ಇತ್ತೇ ಎಂದು ಕೇಳಬೇಡಿ. ನಡುವೆ ಕೆಲವು ವರ್ಷ ಯಂತ್ರಗಳೇ ಫೋನು ಎತ್ತಿದವು. ಆದರೆ ಮಗುವಿಗೆ ಜ್ವರ ನೆತ್ತಿಗೇರಿದ ತಾಯಿಗೆ ಒಂದು ಒತ್ತಿ, ಎರಡು ಒತ್ತಿ ಎಂಬ ಉಪಚಾರ ಬೇಕಿರಲಿಲ್ಲ. ಜನ ಗಲಾಟೆ ಮಾಡಿದ ಮೇಲೆ ಆಸ್ಪತ್ರೆಯವರು ಮತ್ತೆ ಮನುಷ್ಯರನ್ನು ಕೂರಿಸಿದರು. ಅಡಿವೆಪ್ಪನ ದನಿ ಕೇಳಿದರೆ ಅಳುತ್ತಿದ್ದವರೂ ಒಂದು ಗಳಿಗೆ ಉಸಿರು ತೆಗೆದುಕೊಂಡು ಹೆಸರು ಹೇಳುತ್ತಿದ್ದರು. ಆ ಕುರ್ಚಿಯಲ್ಲಿ ಕೂತಾಗ ಅವನು ಯಾರಿಗೂ ಹೊರೆಯಾಗಿರಲಿಲ್ಲ. ಅಲ್ಲಿಗೆ ಹೋಗಿ ಬರುವ ದಾರಿಯಲ್ಲಿ ಮಾತ್ರ ಹೊರೆ. ಆ ಹೊರೆಯನ್ನು ಇಳಿಸಬೇಕೆಂಬುದೇ ಅವನ ಹಟ.

ಇತ್ತ ಸಂಸ್ಥೆಗೆ, ಕೋಲಿನೊಳಗಿನ ಉಪಗ್ರಹ ರಿಸೀವರ್ ಕೊಟ್ಟ ಕಂಪನಿಯ ವರದಿ ಬಂತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಧಾಟಿಯಲ್ಲಿ ಅದು, ಉಪಕರಣ ನಿಯಮದಂತೆಯೇ ಕೆಲಸ ಮಾಡಿದೆ, ಬಳಸುವವರು ಜಾಗರೂಕರಾಗಿರಬೇಕು ಎಂದು ಹೇಳುತ್ತಿತ್ತು. ನಿರ್ದೇಶಕ ಇನಾಮದಾರರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯರು. ಇನ್ನೊಂದು ಪ್ರಯೋಗಕ್ಕೆ ಮಾತ್ರ ಅನುಮತಿ ಇದೆ, ಅದೂ ವಿಫಲವಾದರೆ ಊರಿನಲ್ಲಿ ಹಂಚಿದ ಎಲ್ಲ ಕೋಲುಗಳನ್ನೂ ಹಿಂದಕ್ಕೆ ಪಡೆದು, ಕುರುಡರನ್ನು ಹೊತ್ತೊಯ್ಯಲು ಎರಡು ವ್ಯಾನ್ ಕೊಳ್ಳುತ್ತಾರೆ ಎಂದು ತಿಳಿಸಿದರು. ಈ ಸುದ್ದಿ ಕೇಳಿ ಅಡಿವೆಪ್ಪ, ಹಾಲಿನ ಕ್ಯಾನು, ತರಕಾರಿ ಬುಟ್ಟಿ, ನಾನು, ಮೂವರೂ ಸರಿಯಾದ ಹೊತ್ತಿಗೆ ತಲುಪುತ್ತೇವೆ ಎಂದು ನಕ್ಕ. ನೀಲಾಗೆ ನಗು ಬರಲಿಲ್ಲ.

ಕೋಲು ಯಾಕೆ ಸುಳ್ಳು ಹೇಳಿತು ಎಂಬುದು ಅವಳಿಗೆ ಗೊತ್ತಿತ್ತು. ಉಪಗ್ರಹಗಳು ಬಲು ಎತ್ತರದಿಂದ ರೇಡಿಯೋ ಸಂಕೇತ ಕಳಿಸುತ್ತವೆ. ಸಂಕೇತ ಹೊರಟ ಹೊತ್ತಿಗೂ ಮುಟ್ಟಿದ ಹೊತ್ತಿಗೂ ಇರುವ ಅಂತರದಿಂದ ದೂರ ಲೆಕ್ಕ ಹಾಕಬಹುದು. ನಾಲ್ಕಾರು ಉಪಗ್ರಹಗಳ ದೂರ ತಿಳಿದರೆ ನಾವೆಲ್ಲಿ ನಿಂತಿದ್ದೇವೆ ಎಂಬುದೂ ತಿಳಿಯುತ್ತದೆ. ಬಯಲಿನಲ್ಲಿ ಇದು ಸರಾಗ. ಆದರೆ ಗಾಜು ಕಾಂಕ್ರೀಟಿನ ಸಂದಿಯಲ್ಲಿ ನೇರ ಸಂಕೇತ ಒಳಗೆ ಬರುವುದೇ ಇಲ್ಲ. ಯಾವುದೋ ಗೋಡೆಗೆ ಬಡಿದು ತಿರುಗಿ ಬಂದದ್ದು ಮಾತ್ರ ಮುಟ್ಟುತ್ತದೆ. ಸುತ್ತು ಹಾಕಿ ಬಂದದ್ದರಿಂದ ಅದು ತಡ. ತಡವಾಗಿ ಬಂದ ಸಂಕೇತವನ್ನು ನೇರವಾಗಿ ಬಂದದ್ದೆಂದು ನಂಬಿದ ರಿಸೀವರ್, ಗುಂಡಿಯ ಬಾಯಲ್ಲಿ ನಿಂತ ಮನುಷ್ಯನನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿಬಿಡುತ್ತದೆ.

ಇಷ್ಟು ಗೊತ್ತಿದ್ದರೂ ಅಂದು ಆ ಗಳಿಗೆಯಲ್ಲಿ ಏನಾಯಿತು ಎಂದು ನೋಡಲು ದಾರಿಯೇ ಇರಲಿಲ್ಲ. ಕಂಪನಿಯ ರಿಸೀವರ್ ಖಾನಾವಳಿಯಂತೆ. ತಾಟು ತಂದು ಮುಂದಿಡುತ್ತದೆ. ಒಳಗೆ ಏನು ಹೆಚ್ಚಿದರು, ಏನು ಎಸೆದರು ಎಂದು ಕೇಳುವ ಹಾಗಿಲ್ಲ. ನೀಲಾಗೆ ಬೇಕಾಗಿದ್ದದ್ದು ಹಸಿ ದಿನಸಿ: ಆಂಟೆನಾಕ್ಕೆ ಮುಟ್ಟಿದ ಸಂಕೇತ ಮುಟ್ಟಿದ ಹಾಗೆಯೇ ಅಂಕಿಗಳಾಗಿ ಉಳಿಯಬೇಕು. ಉಪಗ್ರಹ ಹುಡುಕುವುದು, ದೂರ ಅಳೆಯುವುದು, ಇದ್ದ ಜಾಗವನ್ನು ಲೆಕ್ಕ ಹಾಕುವುದು ಎಲ್ಲವನ್ನೂ ತಂತ್ರಾಂಶವೇ ಮಾಡಬೇಕು. ಆಗ ಒಮ್ಮೆ ನಡೆದ ನಡಿಗೆಯನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಲೆಕ್ಕ ಹಾಕಬಹುದು. ಅಂಥ ರಿಸೀವರುಗಳು ಇದ್ದವು. ಯಾವುದನ್ನು ಕೊಳ್ಳುವುದೆಂಬುದೇ ಪ್ರಶ್ನೆಯಾಗಿತ್ತು.

ಪ್ರಯೋಗಶಾಲೆಗಳಲ್ಲಿ ಬಳಸುವ ದೊಡ್ಡ ರೆಕಾರ್ಡರಿನ ಬೆಲೆ ಕೇಳಿ ಅವಳು ಆ ಪುಟವನ್ನೇ ಮುಚ್ಚಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಾಳೆ ಊರಿನ ಪ್ರತಿ ಕೋಲಿಗೂ ಒಂದೊಂದು ಬೇಕು. ಅಗ್ಗದ್ದರಲ್ಲಿ ಅಗ್ಗದ್ದು ಟಿವಿ ಸಂಕೇತ ಹಿಡಿಯಲೆಂದು ಮಾಡಿದ, ಹೆಬ್ಬೆರಳಿನಷ್ಟು ತುಂಡು. ಅದನ್ನು ತಂದು ಒಂದು ವಾರ ಒದ್ದಾಡಿದಳು. ಅದರ ಗಡಿಯಾರ ಬಿಸಿಲಿಗೆ ಬಂದರೆ ಓಡುತ್ತಿತ್ತು, ನೆರಳಿಗೆ ಬಂದರೆ ತೂಕಡಿಸುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಅದು ಹಿಡಿಯುವ ತರಂಗಗಳ ಪಟ್ಟಿ ತೀರ ಕಿರಿದಾದ್ದರಿಂದ ಮೊದಲು ಬಂದ ಸಂಕೇತವೂ ಆಮೇಲೆ ಬಂದ ಸಂಕೇತವೂ ಒಂದರೊಳಗೊಂದು ಕಲಸಿಹೋಗುತ್ತಿದ್ದವು.

ಕೊನೆಗೆ ಅವಳ ಕಣ್ಣು ನಿಂತದ್ದು ಬೆಳಗಾವಿಯ ಒಂದು ಪುಟ್ಟ ಕಂಪನಿ ಮಾಡುತ್ತಿದ್ದ ಅಂಗೈಯಗಲದ ಹಸಿರು ಬೋರ್ಡಿನ ಮೇಲೆ. ನೋಡಲು ಬಡಪಾಯಿ. ಪ್ರತಿಯೊಂದು ಅಳತೆಯನ್ನೂ ನಾಲ್ಕೇ ಹಂತಗಳಲ್ಲಿ, ಬರೀ ಎರಡು ಬಿಟ್‌ಗಳಲ್ಲಿ ಬರೆದಿಡುತ್ತಿತ್ತು. ಉಪಗ್ರಹದ ಕ್ಷೀಣ ಸಂಕೇತಕ್ಕೆ ಅಷ್ಟು ಸಾಕು. ಉಳಿದದ್ದೆಲ್ಲ ಡಿಸ್ಕ್ ತುಂಬುವ ಶೋಕಿ. ಆದರೆ ಹಿಡಿಯುವ ತರಂಗಗಳ ಪಟ್ಟಿ ಅಗಲವಾಗಿತ್ತು, ಗಡಿಯಾರ ಬಿಸಿಲಿಗೆ ಜಗ್ಗುತ್ತಿರಲಿಲ್ಲ. ದುಡ್ಡನ್ನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂದು ತಿಳಿದವರು ಮಾಡಿದ್ದೆಂದು ನೀಲಾಗೆ ಅದನ್ನು ಕೈಯಲ್ಲಿ ಹಿಡಿದಾಗಲೇ ಅನಿಸಿತು.

ಇನಾಮದಾರರಿಗೆ ಹಾಗೆ ಅನಿಸಲಿಲ್ಲ. ಹಳೆಯ ಕಂಪನಿಯದೇ ಇನ್ನೂ ದುಬಾರಿಯ ಮಾದರಿಯೊಂದು ಬಂದಿತ್ತು. ಹೊರಳಿ ಬಂದ ಸಂಕೇತಗಳನ್ನೆಲ್ಲ ಅದು ತಾನೇ ಸೋಸಿ ಎಸೆಯುತ್ತದಂತೆ.

"ನೋಡ್ರಿ ನೀಲಾಂಬಿಕಾ," ಎಂದರು, "ದುಬಾರೀದು ತಗೊಂಡು ಕೆಟ್ರ ಎಲ್ಲಾರೂ ಕಂಪನಿ ಕಡೆ ಬಟ್ಟು ತೋರಸ್ತಾರ. ಅಗ್ಗದ್ದು ತಗೊಂಡು ಕೆಟ್ರ ನಿಮ್ಮ ಕಡೆ ತೋರಸ್ತಾರ. ನಾ ನಿಮ್ಮ ಸಲುವಾಗೇ ಹೇಳಾಕತ್ತೀನಿ."

"ಸರ್, ಕೆಟ್ರ ಯಾಕ ಕೆಟ್ತು ಅಂತಾದ್ರೂ ತಿಳೀಬೇಕಲ್ರೀ. ಆ ಪೆಟ್ಟಿಗಿ ಅದನ್ನ ಹೇಳೂದೇ ಇಲ್ಲ."

ಇನಾಮದಾರರು ಕೊನೆಗೆ ಹಸಿರು ಬೋರ್ಡಿನ ಖರೀದಿ ಕಾಗದಕ್ಕೆ ಸಹಿ ಹಾಕಿದರು. ಮಾಡಿದ್ದುಣ್ಣೋ ಮಹರಾಯ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಮಣಿಕಟ್ಟಿನ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ, ಆಗಲೇ ಅಡಿವೆಪ್ಪ ಹಸಿರು ಬೋರ್ಡಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ತಂಗಿಯ ಜೊತೆ ಹೊರಟ. ಅವ್ವನಿಗೆ ಆಸ್ಪತ್ರೆಗೆ ಎಂದು ಹೇಳಿದರು. ಸುಳ್ಳೇನಲ್ಲ, ನಡೆದದ್ದು ಆಸ್ಪತ್ರೆಯ ದಾರಿಯಲ್ಲೇ. ನೀಲಾ ಪಕ್ಕದಲ್ಲೇ ನಡೆಯುತ್ತ ಅವನು ನಿಜವಾಗಿ ಎಲ್ಲೆಲ್ಲಿ ಕಾಲಿಟ್ಟನೆಂದು ಗುರುತು ಮಾಡಿಕೊಳ್ಳುತ್ತಿದ್ದಳು. ಪ್ರಯೋಗಕ್ಕೆ ಮೊದಲ ದಿನದಿಂದಲೂ ಅವಳದೇ ನಿಯಮಗಳಿದ್ದವು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಕು. ನಡೆಯುವಾಗ ಬಾಯಿಂದ ಸದ್ದು ಮಾಡಬಾರದು.

ಎರಡನೆಯ ನಿಯಮ ಅಡಿವೆಪ್ಪನಿಗೆಂದೇ ಬರೆದದ್ದು. ಚಿಕ್ಕಂದಿನಿಂದಲೂ ಅವನಿಗೆ ನಡೆಯುತ್ತ ನಡೆಯುತ್ತ ನಾಲಿಗೆಯಿಂದ ಲೊಚ್ ಲೊಚ್ ಎನ್ನುವ ರೂಢಿ. ಮನೆಯಲ್ಲಿ ಹಲ್ಲಿ ನುಡಿಯಿತೆಂದು ಸಂಗವ್ವ ಗೇಲಿ ಮಾಡುತ್ತಿದ್ದಳು. ಓಣಿಯ ಹುಡುಗರು ಅವನಿಗೆ ಹಲ್ಲಿ ಎಂದೇ ಹೆಸರಿಟ್ಟಿದ್ದರು. ನೀಲಾಗೆ ಗೇಲಿಯ ಉದ್ದೇಶವಿರಲಿಲ್ಲ. ಪರೀಕ್ಷೆ ಆಗಬೇಕಾದದ್ದು ಯಂತ್ರಕ್ಕೆ, ಮನುಷ್ಯನ ಜಾಣತನಕ್ಕಲ್ಲ ಎಂಬುದು ಅವಳ ಪ್ರಾಮಾಣಿಕ ವಾದ. ಅಣ್ಣ ಬಾಯಿ ಮುಚ್ಚಿಕೊಂಡು, ಕಿವಿ ಮುಚ್ಚಿಕೊಂಡು, ತಂಗಿಯ ವಿಜ್ಞಾನದ ಮೇಲೆ ಭಾರ ಹಾಕಿ ನಡೆದ. ಹಾಗೆ ನಡೆಯುವಾಗ ಅವನ ಹೆಜ್ಜೆ ಚಿಕ್ಕದಾಗುತ್ತಿತ್ತು. ಅವಳು ಅದನ್ನು ಗಮನಿಸಲಿಲ್ಲ; ಅವಳ ಗಮನವೆಲ್ಲ ಆ ಚೀಲದ ಮೇಲಿತ್ತು.

ದಿನಸಿಯೇನೋ ರಾಶಿ ರಾಶಿ ಬಂತು, ಅಡಿಗೆ ಮಾತ್ರ ಆಗಲೊಲ್ಲದು. ಬಯಲಿದ್ದಲ್ಲಿ ಅವಳ ತಂತ್ರಾಂಶ ಚೆನ್ನಾಗಿ ದಾರಿ ತೋರಿಸುತ್ತಿತ್ತು. ಮೇಲ್ಸೇತುವೆಯ ಕೆಳಗೆ, ಆಸ್ಪತ್ರೆ ಹತ್ತಿರವಾದಂತೆ, ಎಲ್ಲ ಹದಗೆಡುತ್ತಿತ್ತು. ಗೋಡೆಗೆ ಬಡಿದು ಬಂದ ಸಂಕೇತಗಳನ್ನು ಅವಳು ಒಂದೊಂದಾಗಿ ಗುರುತಿಸಿ ತೆಗೆದುಹಾಕಿದಳು. ತೆಗೆದಷ್ಟೂ ಇನ್ನಷ್ಟು. ಎಲ್ಲ ತೆಗೆದಾದ ಮೇಲೆ ನೋಡಿದರೆ ಉಳಿದದ್ದು ಒಂದೇ ಒಂದು ಉಪಗ್ರಹ, ಕೆಲವು ಕಡೆ ಅದೂ ಇಲ್ಲ. ಸೋಸಿ ಸೋಸಿ ಜರಡಿಯಲ್ಲಿ ಏನೂ ಉಳಿಯಲಿಲ್ಲ. ಕೊನೆಯ ಪ್ರಯೋಗದ ದಿನ ಹತ್ತಿರ ಬರುತ್ತಿತ್ತು.

ಅಂಥ ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳೇ ಯಾವುದಕ್ಕೋ ಮೊಣಕಾಲು ಬಡಿಸಿಕೊಂಡು "ಅವ್ವಾ" ಎಂದು ಕೂತುಬಿಟ್ಟಳು. ಪಡಸಾಲೆಯಲ್ಲಿದ್ದ ಕಬ್ಬಿಣದ ಕಪಾಟು ಬಾಗಿಲ ಬಳಿಯ ಇಕ್ಕಟ್ಟು ದಾರಿಯಲ್ಲಿ ಅಡ್ಡ ನಿಂತಿತ್ತು. ಕಪಾಟಿಗೆ ಗೆದ್ದಲು ಹತ್ತಿತ್ತು, ಅದಕ್ಕೇ ಸರಿಸಿದೆ ಎಂದು ಸಂಗವ್ವ ಒಲೆಯ ಮುಂದಿನಿಂದಲೇ ಹೇಳಿದಳು. ಕಬ್ಬಿಣಕ್ಕೆ ಗೆದ್ದಲು. ಮಗ ತಾನಾಗಿ ಹೊರಗೆ ಹೋಗದಿರಲೆಂದು ಆ ಮುದುಕಿ ಒಬ್ಬಳೇ ಅಷ್ಟು ಭಾರದ ಕಪಾಟನ್ನು ಇಂಚಿಂಚು ಜರುಗಿಸಿದ್ದಳು. ನೀಲಾಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ಅಡಿವೆಪ್ಪ ಒಳಕೋಣೆಯಿಂದ ತಂಗಿಯ ದನಿ ಕೇಳಿ ಹೊರಬಂದ. ಕಪಾಟು ಅಲ್ಲಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನೀಲಾ ಕೂಗಿ ಎಚ್ಚರಿಸಬೇಕೆನ್ನುವಷ್ಟರಲ್ಲಿ ಅವನು ಲೊಚ್ ಎಂದ. ನಿಂತ. ಮತ್ತೊಮ್ಮೆ ತಲೆ ಓರೆ ಮಾಡಿ ಲೊಚ್ ಎಂದು, ಕೈ ಚಾಚಿ ಕಪಾಟಿನ ಬಾಗಿಲನ್ನು ತಟ್ಟಿ ನಕ್ಕ.

"ಅವ್ವಾ, ಇದನ್ಯಾಕ ಇಲ್ಲಿ ತಂದು ನಿಲ್ಲಿಸೀದಿ?"

ಅದು ಹೇಗೆ ತಿಳಿಯಿತೆಂದು ನೀಲಾ ಕೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ಅದನ್ನು ಕೇಳಿದ್ದು ಅದೇ ಮೊದಲು.

"ಬರೇ ಬಾಗಲಾ ಇದ್ದಾಗ ದನಿ ಹೊರಗ ಹೋಗಿಬಿಡ್ತಿತ್ತು. ಇವತ್ತ ಹೊಳ್ಳಿ ಬಂತು. ಹೊಳ್ಳಿ ಬಂತಂದ್ರ ಅಲ್ಲಿ ಏನೋ ಐತಿ ಅಂತಲ್ಲೇನವಾ? ಗ್ವಾಡಿ ಎಲ್ಲೈತಿ ಅಂತ ಗ್ವಾಡೀನ ಹೇಳತೈತಿ."

ನೀಲಾ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದಳು. ಇಷ್ಟು ದಿನ ತಾನು ಕಸವೆಂದು ಗುಡಿಸಿ ಹಾಕಿದ್ದು ಏನನ್ನು? ಗೋಡೆಗೆ ತಾಗಿ ಬಂದ ಪ್ರತಿ ಸಂಕೇತವೂ ಆ ಗೋಡೆಯ ಸುದ್ದಿಯನ್ನು ಹೊತ್ತು ತಂದಿತ್ತಲ್ಲ. ಊರಿನ ಕಟ್ಟಡಗಳ ನಕ್ಷೆ ಇದೆ. ಉಪಗ್ರಹ ಯಾವ ಗಳಿಗೆಯಲ್ಲಿ ಆಕಾಶದ ಯಾವ ಮೂಲೆಯಲ್ಲಿರುತ್ತದೆಂಬ ಲೆಕ್ಕವೂ ಇದೆ. ಹಾಗಾದರೆ ಇಲ್ಲಿ ನಿಂತವನಿಗೆ ಯಾವ ಯಾವ ಗೋಡೆಯಿಂದ ಎಷ್ಟು ತಡವಾಗಿ ಮಾರ್ದನಿ ಬರಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ಒಂದು ಹೆಜ್ಜೆ ಸರಿದರೆ ಆ ಲೆಕ್ಕ ಬೇರೆ. ನಿಜವಾಗಿ ಬಂದ ಮಾರ್ದನಿಗಳು ಯಾವ ಜಾಗದ ಲೆಕ್ಕಕ್ಕೆ ಹೊಂದುತ್ತವೆಯೋ ಮನುಷ್ಯ ನಿಂತದ್ದು ಅಲ್ಲಿಯೇ.

ಅದಾದ ಮೇಲೆ ಇನ್ನೊಂದು ವಿಚಾರ ಹೊಳೆಯಿತು. ಅದು ಅಷ್ಟು ಸಂತೋಷದ್ದಾಗಿರಲಿಲ್ಲ. ಅಣ್ಣನ ಎರಡೂ ಕಿವಿ ಮುಚ್ಚಿಸಿ, ಬಾಯಿಗೆ ಬೀಗ ಹಾಕಿಸಿ, ಅವನಿಗಿದ್ದ ದಾರಿಯನ್ನೇ ಕಸಿದುಕೊಂಡು, ಅದರ ಬದಲಿಗೆ ಸುಳ್ಳು ಹೇಳುವ ಕೋಲನ್ನು ಕೈಗೆ ಕೊಟ್ಟವಳು ತಾನು. ಆ ಗುಂಡಿಯ ದಂಡೆಯಲ್ಲಿ ಅವನು ಒಮ್ಮೆ ಲೊಚ್ ಎಂದಿದ್ದರೆ ನಿಲ್ಲುತ್ತಿದ್ದನೋ ಏನೋ. ಅದನ್ನು ಅವಳು ಅಣ್ಣನಿಗೆ ಹೇಳಿಯೇಬಿಟ್ಟಳು. ಅವನು, ಗುಂಡಿ ನೆಲದಾಗ ಇತ್ತವಾ, ದನಿ ಅಲ್ಲಿಂದ ಹೊಳ್ಳಿ ಬರೂದಿಲ್ಲ, ಸುಮ್ಮನ ಅಳಬ್ಯಾಡ ಎಂದು ಸಮಾಧಾನ ಮಾಡಿದ. ಅದು ನಿಜವೋ ಅವಳನ್ನು ನಗಿಸಲು ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ.

ಮತ್ತೆ ನಡೆಯಬೇಕಾದ ಅಗತ್ಯ ಬರಲಿಲ್ಲ. ಹಸಿ ಸಂಕೇತ ಉಳಿಸಿಕೊಂಡದ್ದರ ಪುಣ್ಯ ಅದು. ಹಳೆಯ ನಡಿಗೆಗಳೆಲ್ಲ, ಎಸೆದಿದ್ದ ಮಾರ್ದನಿಗಳ ಸಮೇತ, ಡಿಸ್ಕಿನಲ್ಲಿದ್ದವು. ನೀಲಾ ತಂತ್ರಾಂಶವನ್ನು ಹೊಸದಾಗಿ ಬರೆದು ಅವನ್ನೇ ಮತ್ತೆ ಮತ್ತೆ ಓಡಿಸಿದಳು. ನಕ್ಷೆಯಲ್ಲಿ ಮೇಲ್ಸೇತುವೆಯ ಕೆಳಗೆ ಕುಡುಕನಂತೆ ತೂರಾಡುತ್ತಿದ್ದ ನಡಿಗೆಯ ಗೆರೆ ಮೆಲ್ಲಗೆ ಫುಟ್‌ಪಾತಿಗೆ ಬಂದು ನಿಂತಿತು. ಗೋಡೆಗಳು ಹೆಚ್ಚಿದ್ದಷ್ಟೂ ಗೆರೆ ಇನ್ನಷ್ಟು ಗಟ್ಟಿಯಾಯಿತು. ದುಬಾರಿ ಪೆಟ್ಟಿಗೆಗೆ ಶತ್ರುವಾಗಿದ್ದ ಗಾಜಿನ ಕಟ್ಟಡಗಳೇ ಈ ಬಡಪಾಯಿ ಬೋರ್ಡನ್ನು ಕೈಹಿಡಿದು ನಡೆಸಿದವು.

ಕೋಲಿಗೆ ಅವಳು ಇನ್ನೊಂದು ಮಾತು ಕಲಿಸಿದಳು. ಬಂದ ಮಾರ್ದನಿ ಯಾವ ಜಾಗದ ಲೆಕ್ಕಕ್ಕೂ ಹೊಂದದಿದ್ದರೆ ಊಹೆ ಮಾಡಬಾರದು, ಗೊತ್ತಾಗುತ್ತಿಲ್ಲ ಎಂದು ಹೇಳಿ ಸುಮ್ಮನಾಗಬೇಕು. ಇಯರ್‌ಫೋನನ್ನು ಒಂದೇ ಕಿವಿಗೆ ಇಳಿಸಿದಳು. ಬಾಯಿಯ ನಿಯಮ ಹೊಡೆದುಹಾಕಿದಳು. ಅಡಿವೆಪ್ಪನದೂ ಒಂದು ಷರತ್ತಿತ್ತು. ಅವನು ಎಲ್ಲಿದ್ದಾನೆಂದು ಕಂಪ್ಯೂಟರಿನ ತೆರೆಯ ಮೇಲೆ ತೋರಿಸುವ ಏರ್ಪಾಡು ಹಳೆಯ ಕೋಲಿನಲ್ಲಿತ್ತು. ಅದನ್ನು ತೆಗೆಯಬೇಕೆಂದು ಕೇಳಿದ. ಹಿಂದೆ ಕಣ್ಣು ಹಚ್ಚಿಕೊಂಡು ಕೂತರೆ ಅದು ಒಬ್ಬನೇ ನಡೆದಂತಾಗುವುದಿಲ್ಲ ಎಂಬುದು ಅವನ ಮಾತು. ಅವಳಿಗೆ ಮನಸ್ಸಿರಲಿಲ್ಲ. ಆದರೂ ತೆಗೆದಳು.

ಕೊನೆಯ ಪ್ರಯೋಗದ ದಿನ ಇನಾಮದಾರರೂ ಸರಕಾರದ ಇಬ್ಬರು ಅಧಿಕಾರಿಗಳೂ ದೂರದಿಂದ ಹಿಂಬಾಲಿಸಿದರು. ಏನೇ ಆದರೂ ಹತ್ತಿರ ಬರಬಾರದೆಂದು ಅಣ್ಣ ತಂಗಿಯಿಂದ ಮಾತು ತೆಗೆದುಕೊಂಡಿದ್ದ. ಅವನು ಸರಾಗವಾಗಿ ನಡೆದ. ಕೋಲು ಬೇಕಾದಷ್ಟೇ ಮಾತಾಡಿತು. ಗುಂಡಿ ಇದ್ದ ಜಾಗ ದಾಟಿತು. ಆಸ್ಪತ್ರೆಯ ಗೇಟಿಗೆ ಮುಂಚಿನ ತಿರುವಿನಲ್ಲಿ ನೀಲಾ ತಲೆಯೆತ್ತಿ ನೋಡಿದಳು. ಅಲ್ಲಿಯ ಗಾಜಿನ ಕಟ್ಟಡಕ್ಕೆ ಅಂದೇ ಬೆಳಿಗ್ಗೆ ಕಬ್ಬಿಣದ ಸಾರುವೆ ಕಟ್ಟಿ, ಹಸಿರು ಪರದೆ ಹೊದಿಸಿದ್ದರು. ನಕ್ಷೆಯಲ್ಲಿ ಇದ್ದ ಗೋಡೆ ಅದಲ್ಲ.

"ನನಗೆ ಗೊತ್ತಾಗುತ್ತಿಲ್ಲ. ದಯವಿಟ್ಟು ನಿಲ್ಲಿ" ಎಂದು ಹೇಳಿ ಕೋಲು ಸುಮ್ಮನಾಯಿತು.

ಅಡಿವೆಪ್ಪ ನಿಂತ. ಪಕ್ಕದಲ್ಲೇ ಸದ್ದಿಲ್ಲದ ಬಸ್ಸೊಂದು ಹಾದುಹೋಯಿತು. ಅಧಿಕಾರಿಯೊಬ್ಬರು ಮುಂದೆ ನುಗ್ಗಿದಾಗ ನೀಲಾ ಅವರ ತೋಳು ಹಿಡಿದಳು. ತಾನು ಓಡದಿರಲು ಅವಳಿಗೂ ಏನನ್ನಾದರೂ ಹಿಡಿದುಕೊಳ್ಳಬೇಕಾಗಿತ್ತು. ಅಡಿವೆಪ್ಪ ಎಡಕ್ಕೆ ತಿರುಗಿ ಲೊಚ್ ಎಂದ, ಬಲಕ್ಕೆ ತಿರುಗಿ ಲೊಚ್ ಎಂದ. ಕೋಲಿನ ತುದಿಯಿಂದ ನೆಲ ತಡವಿದ. ಒಂದು ಸಾರುವೆಯ ಕಂಬ ಸಿಕ್ಕಿತು, ಅದನ್ನು ಬಳಸಿ ಇನ್ನೊಂದು. ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಪರದೆಯ ಆಚೆ ಬದಿಗೆ ಬಂದ. ಅಲ್ಲಿ ಕೋಲು ಮತ್ತೆ ಬಾಯಿಬಿಟ್ಟು ಗೇಟು ಬಲಗಡೆ ಇದೆ ಎಂದಿತು. ಅವನು ಬಲಕ್ಕೆ ತಿರುಗಿ ಗೇಟಿನ ಸರಳು ಹಿಡಿದುಕೊಂಡ.

ಇನಾಮದಾರರು ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದರು. ಅವರಿಗೂ ಒಳಗೊಳಗೇ ಸಂತೋಷವಾಗಿತ್ತು. ಆದರೆ ತಕರಾರು ಅವರ ಉದ್ಯೋಗದ ಭಾಗ. ಎಲ್ಲಕ್ಕಿಂತ ಬೇಕಾದ ಜಾಗದಲ್ಲೇ ಯಂತ್ರ ಕೈಚೆಲ್ಲಿತಲ್ಲ, ಇದನ್ನು ಯಶಸ್ಸೆಂದು ಹೇಗೆ ಬರೆಯುವುದು ಎಂದು ಅಧಿಕಾರಿಗಳ ಮುಂದೆಯೇ ಕೇಳಿದರು. ಅಡಿವೆಪ್ಪನೇ ದನಿ ಬಂದ ಕಡೆ ತಿರುಗಿದ.

"ಸಾಹೇಬ್ರ, ಹಿಂದಿನ ಕೋಲು ಒಮ್ಮೆನೂ ಕೈಚೆಲ್ಲಲಿಲ್ರೀ. ನಾ ಗುಂಡ್ಯಾಗ ಬಿದ್ದ ಮ್ಯಾಲೂ ಫುಟ್‌ಪಾತ್ ಮ್ಯಾಲೆ ಅದೀರಿ ಅಂತ ಹೇಳ್ತು. ಇದಕ್ಕ ಗೊತ್ತಿಲ್ಲಂದ್ರ ಗೊತ್ತಿಲ್ಲಂತೈತಿ. ಅಷ್ಟು ಹೇಳಿದ್ರ ಸಾಕು, ಮುಂದಿಂದು ನಾ ನೋಡ್ಕೋತೀನಿ. ಇಂಥಾದ್ದರ ಕೂಡ ನಾ ಎಲ್ಲಿಗೆ ಬೇಕಾದ್ರೂ ಹೋಗ್ತೀನ್ರೀ."

ಅಧಿಕಾರಿಗಳಲ್ಲಿ ಹಿರಿಯರಾಗಿದ್ದವರು, ನಮ್ಮ ಇಲಾಖೆಯಲ್ಲೂ ಇಂಥ ನಾಲ್ಕು ಯಂತ್ರ ಇದ್ದರೆ ಒಳ್ಳೆಯದಿತ್ತು ಎಂದರು. ಎಲ್ಲರೂ ನಕ್ಕರು. ವ್ಯಾನಿನ ಮಾತು ಅಲ್ಲಿಗೆ ಮುಗಿಯಿತು. ಊರಿನ ಎಲ್ಲ ಕೋಲುಗಳಿಗೂ ಸಾಕಾಗುವಷ್ಟು ಹಸಿರು ಬೋರ್ಡುಗಳನ್ನು ತರಿಸಲು ಬರೆಯಿರಿ ಎಂದು ಇನಾಮದಾರರು ನೀಲಾಗೆ ಹೇಳಿದರು.

ಆದರೆ ಸಂಗವ್ವನ ಆಣೆಗೆ ಸರಕಾರದ ಮುದ್ರೆ ಯಾವ ಲೆಕ್ಕ? ಸೋಮವಾರ ಬೆಳಿಗ್ಗೆ ಅಡಿವೆಪ್ಪ ಕೋಲು ಹಿಡಿದು ಒಬ್ಬನೇ ಕೆಲಸಕ್ಕೆ ಹೊರಟಾಗ ಅವಳು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಹೋಗಿ ಬರ್ತೀನವಾ ಎಂದದ್ದಕ್ಕೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಅವನು ಇಳಿದುಹೋದ ಮೇಲೆ ಮಾಡಿದ ರೊಟ್ಟಿಗಳೆಲ್ಲ ಸೀದುಹೋದವು. ಎರಡು ಸಲ ಬಾಗಿಲಿಗೆ ಬಂದು, ಗಾಳಿ ಚೆನ್ನಾಗಿದೆ ಎಂದು ತನ್ನಷ್ಟಕ್ಕೇ ಹೇಳಿ ಒಳಗೆ ಹೋದಳು. ನೀಲಾಳ ಕಂಪ್ಯೂಟರಿನ ತೆರೆ ಖಾಲಿಯಿತ್ತು. ಅವ್ವ ಅದರ ಕಡೆ ನೋಡಿದಳು. ಮಗನ ಮೊಬೈಲಿಗೆ ಫೋನು ಮಾಡಲು ಅವಳ ಅಭಿಮಾನ ಬಿಡಲಿಲ್ಲ.

ಕೊನೆಗೆ ಸಂಗವ್ವ, ಯಾಕೋ ಮೊಣಕಾಲು ಬಹಳ ನೋಯಾಕತ್ತೈತಿ, ಡಾಕ್ಟರು ಯಾವಾಗ ಇರತಾರ ಕೇಳೂಣು ಎಂದು ಗೊಣಗುತ್ತ ಆಸ್ಪತ್ರೆಯ ನಂಬರು ಒತ್ತಿದಳು. ಮೊಣಕಾಲಿಗೆ ಪೆಟ್ಟಾದದ್ದು ನೀಲಾಗೆ; ಅವ್ವನಿಗಲ್ಲ. ನೀಲಾ ಪಕ್ಕದಲ್ಲಿ ಬಂದು ನಿಂತಳು. ಆ ಕಡೆ ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಆಮೇಲೆ ಯಾರೋ ಎತ್ತಿದರು.

"ನಮಸ್ಕಾರ್ರೀ, ಆಸ್ಪತ್ರಿ. ಯಾರು ಬೇಕಾಗಿತ್ರೀ?"

ನಿಧಾನವಾದ, ಎಂಥ ಗಾಬರಿಯನ್ನೂ ಇಳಿಸುವ ದನಿ. ಸಂಗವ್ವ ಗೋಡೆಗೆ ಒರಗಿ ನಿಂತಳು. ಸೆರಗಿನಿಂದ ಕಣ್ಣೊತ್ತಿಕೊಂಡು, ಪರಸ್ಥಳದವಳ ಹಾಗೆ ಗಂಟಲು ಸರಿಮಾಡಿಕೊಂಡಳು.

"ಬೇಕಾದವ್ರು ಸಿಕ್ರು," ಎಂದಳು. "ಇಡ್ರಿ."